ಮುಖವಿಲ್ಲದ ಸಾಲ

ಹಿಂದೆ ಸಾಲಕ್ಕೊಂದು ಮುಖವಿತ್ತು. ಮೊಹಲ್ಲಾದ ಕಿರಾಣಿ ಅಂಗಡಿಯಲ್ಲಿ ಕಡ ಬರೆಸುವಾಗ ಅಂಗಡಿಯವನ ಮುಖ ನೋಡಲೇಬೇಕಿತ್ತು. ಆ ಸಂಕೋಚವೇ ಎಷ್ಟೋ ಸಲ ನಮ್ಮ ಕೈ ಹಿಡಿದು ನಿಲ್ಲಿಸುತ್ತಿತ್ತು. ಕ್ರೆಡಿಟ್ ಕಾರ್ಡಿಗೆ ಆ ಸಂಕೋಚವಿಲ್ಲ. ಕಾರ್ಡು ಉಜ್ಜುವಾಗ ಸಾಲ ಮಾಡಿದೆವೆಂದು ಅನಿಸುವುದೇ ಇಲ್ಲ. ಕೊಂಡೆವು ಎಂದಷ್ಟೇ ಅನಿಸುತ್ತದೆ.

ಕಾರ್ಡೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಯ ಮುಂಗಡಕ್ಕೆ, ತುರ್ತು ಪ್ರಯಾಣಕ್ಕೆ ಅದು ಒದಗುತ್ತದೆ. ವಾಯಿದೆಯೊಳಗೆ ಬಿಲ್ಲು ಪೂರ್ತಿ ಕಟ್ಟಿದರೆ ಬಡ್ಡಿಯೂ ಇಲ್ಲ. ತೊಡಕಿರುವುದು ಬಿಲ್ಲಿನಲ್ಲಿ ಅಚ್ಚಾಗಿರುವ ‘ಕನಿಷ್ಠ ಪಾವತಿ’ಯಲ್ಲಿ. 20,000 ರೂಪಾಯಿಯ ಬಿಲ್ಲಿಗೆ ಶೇ. 5ರಂತೆ 1,000 ಕಟ್ಟಿದೆವೆನ್ನೋಣ. ಉಳಿದ 19,000ಕ್ಕೆ ತಿಂಗಳಿಗೆ ಶೇ. 3.5ರ ದರದಲ್ಲಿ ಬಡ್ಡಿ 665, ಅದರ ಮೇಲೆ ಶೇ. 18ರ ಜಿ.ಎಸ್.ಟಿ. ಸುಮಾರು 120. ಸಾವಿರ ತೆತ್ತರೂ ಸಾಲ ಇಳಿದದ್ದು 215 ರೂಪಾಯಿ ಮಾತ್ರ. ಬಾಕಿ ಉಳಿಸಿಕೊಂಡವರ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗದು. ವರ್ಷಕ್ಕೆ ಶೇ. 42ರ ಈ ಬಡ್ಡಿಯನ್ನು ಊರಿನ ಲೇವಾದೇವಿಯವನು ಕೇಳಿದ್ದರೆ ರಕ್ತ ಹೀರುವವನೆಂದು ಬೈಯುತ್ತಿದ್ದೆವು.

ಹಾಗಾದರೆ ಪೂರ್ತಿ ಕಟ್ಟುವವರು ನಿರಾಳರೇ? ತಡವಾದರೆ ಬಡ್ಡಿ ಕೊಡುತ್ತೇನೆಂಬ ಕರಾರಿಗೆ ಸಹಿ ಹಾಕುವುದೇ ಸಲ್ಲದೆಂದು ಕೆಲವು ಉಲೇಮಾಗಳು, ವಾಯಿದೆ ತಪ್ಪದ ಖಾತ್ರಿಯಿದ್ದರೆ ಅಗತ್ಯಕ್ಕೆ ಬಳಸಬಹುದೆಂದು ಇನ್ನು ಕೆಲವರು ಹೇಳುತ್ತಾರೆ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೂ ಒಂದು ಪ್ರಶ್ನೆ ಕಾಡುತ್ತದೆ: ನಮಗೆ ಸಿಗುವ ಬಡ್ಡಿಯಿಲ್ಲದ ದಿನಗಳು, ರಿವಾರ್ಡ್ ಪಾಯಿಂಟುಗಳು ಯಾರ ದುಡ್ಡು? ಒಂದು ಪಾಲು ವ್ಯಾಪಾರಿ ತೆರುವ ಶುಲ್ಕ. ಇನ್ನೊಂದು ಪಾಲು, ತಿಂಗಳು ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಬಲ್ಲವನ ಬಡ್ಡಿ. ನಮ್ಮ ಜಾಣತನದ ಲಾಭದಲ್ಲಿ ಅವನ ಇಕ್ಕಟ್ಟೂ ಸೇರಿದೆ. ನಾವು ಬಡ್ಡಿ ಕೊಡಲಿಲ್ಲವೆಂದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ.

ಕುರ್‌ಆನಿನ ಅತಿ ದೀರ್ಘ ಆಯತ್ (2:282) ಸಾಲವನ್ನು ಬರೆದಿಡುವ ಕುರಿತಾದದ್ದು. ಅದಕ್ಕೆ ತುಸು ಮುಂಚೆ (2:280), ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಬಿಡುವು ಕೊಡಬೇಕೆಂಬ ಆದೇಶವಿದೆ. ಪ್ರವಾದಿ(ಸ) ತಮ್ಮ ಪ್ರಾರ್ಥನೆಯಲ್ಲಿ ಸಾಲದಿಂದ ಅಭಯ ಬೇಡುತ್ತಿದ್ದರು. ಸಾಲ ಮನುಷ್ಯನಿಂದ ಸುಳ್ಳಾಡಿಸುತ್ತದೆ, ಮಾತು ತಪ್ಪಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅಂದರೆ ಸಾಲ ತಿನ್ನುವುದು ಜೇಬನ್ನಷ್ಟೇ ಅಲ್ಲ, ಅಖ್ಲಾಕನ್ನೂ ಕೂಡ.

ಆದ್ದರಿಂದ ಕಾರ್ಡು ಇಟ್ಟುಕೊಳ್ಳುವವರು ಖಾತೆಯಲ್ಲಿ ಈಗಾಗಲೇ ಇರುವ ಹಣದಷ್ಟಕ್ಕೇ ಅದನ್ನು ಬಳಸಲಿ. ಮದುವೆಯ ಆಡಂಬರಕ್ಕೂ ಈದಿನ ಬಟ್ಟೆಗೂ ಕಂತಿನ ಸಾಲ ಬೇಡ. ಇದು ನಮ್ಮ ಮಟ್ಟಿಗಾಯಿತು. ಈಗಾಗಲೇ ಸಿಲುಕಿದವರ ಗತಿಯೇನು? ಝಕಾತಿನ ಎಂಟು ಬಗೆಯ ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ (9:60). ಬಡ್ಡಿಯಿಲ್ಲದ ಕರ್ಜ್-ಎ-ಹಸನ ನಮ್ಮ ಹಳೆಯ ರೂಢಿ. ರಮಝಾನಿನಲ್ಲಿ ಝಕಾತಿನ ಲೆಕ್ಕ ಹಾಕುವಾಗ, ಒಳ್ಳೆಯ ಬಟ್ಟೆ ತೊಟ್ಟು ಒಳಗೊಳಗೇ ಬಡ್ಡಿ ಕಟ್ಟುತ್ತಿರುವ ನೆರೆಯವನ ನೆನಪು ನಮಗಾಗುತ್ತದೆಯೇ? ಅವನಾಗಿ ಬಾಯಿ ಬಿಡುವುದಿಲ್ಲ. ನಾವೇ ಹೋಗಿ, ಅವನ ಮಾನಕ್ಕೆ ಕುಂದು ಬಾರದಂತೆ ವಿಚಾರಿಸಬೇಕು.