ಕೇಳಿಸಿದ್ದು ಹುಡುಗನಿಗೆ, ಗುರುತಿಸಿದ್ದು ಮುದುಕ

ಬೈಬಲ್ ತೆಗೆಯಿರಿ, ಮೊಬೈಲಲ್ಲಿದ್ದರೂ ಪರವಾಗಿಲ್ಲ. ಮೊದಲನೆಯ ಸಮುವೇಲ, 3ನೇ ಅಧ್ಯಾಯ.

ಶೀಲೋವಿನಲ್ಲಿ ಇಬ್ಬರಿದ್ದಾರೆ. ಏಲಿ ಮುದುಕ, ಕಣ್ಣು ಮಂಜಾಗಿದೆ. ಸಮುವೇಲ ಹುಡುಗ. ರಾತ್ರಿ ದೇವರು ಕರೆದದ್ದು ಹುಡುಗನನ್ನು. ಆದರೆ ಅದು ಯಾರ ಸ್ವರ ಅಂತ ಅವನಿಗೆ ತಿಳಿಯಲಿಲ್ಲ. ಮೂರು ಸಲ ಎದ್ದು ಏಲಿಯ ಹತ್ತಿರ ಓಡಿದ. ಮೂರನೇ ಸಲ ಮುದುಕನಿಗೆ ಗೊತ್ತಾಯಿತು, ಇದು ದೇವರ ಕರೆ ಅಂತ. ಹುಡುಗನಿಗೆ ಕಿವಿ ಇತ್ತು, ಮುದುಕನಿಗೆ ಆ ಸ್ವರದ ಗುರುತಿತ್ತು. ಹಲ್ಲೆಲೂಯ!

ನನ್ನದೊಂದು ಸಾಕ್ಷಿ ಹೇಳ್ತೀನಿ. ನಮ್ಮೂರು ರಾಯಚೂರು ಜಿಲ್ಲೆಯ ಕವಿತಾಳ. ನಮ್ಮ ಕಡೆಯಿಂದ ಎಷ್ಟೋ ಜನ ಬೆಂಗಳೂರಿಗೆ ಗುಳೆ ಬರ್ತಾರೆ. ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಬಂದೆ. ನಮ್ಮವ್ವಗೆ ಓದು ಬರಲ್ಲ. ನಸುಕಿನಲ್ಲಿ ಎದ್ದು ಗಟ್ಟಿಯಾಗಿ ಪ್ರಾರ್ಥನೆ ಮಾಡ್ತಾಳೆ. ಗೆಳೆಯರು ಊರಿಗೆ ಬಂದಾಗ ನನಗೆ ನಾಚಿಕೆ. "ಅವ್ವಾ, ಸಣ್ಣಗೆ ಮಾಡು, ದೇವರಿಗೇನು ಕಿವುಡಾ?" ಅಂದುಬಿಟ್ಟೆ. ಅವ್ವ ಸುಮ್ಮನಾದಳು.

ಆಮೇಲೆ ಒಂದು ಕಾಲ ಬಂತು. ಸಂಬಳ ಇತ್ತು, ಸಮಾಧಾನ ಇರಲಿಲ್ಲ. ನಡುರಾತ್ರಿ ಎಚ್ಚರ ಆಗೋದು. ಗೆಳೆಯರು ಕಂಪನಿ ಬದಲಾಯಿಸು ಅಂದರು, ಬದಲಾಯಿಸಿದೆ. ಮತ್ತೆ ಅದೇ. ಕಡೆಗೆ ಅವ್ವಗೆ ಹೇಳಿದೆ. ಅವಳು, "ದೇವರು ನಿನ್ನ ಕೂಡ ಮಾತಾಡಾಕತ್ಯಾನಪ್ಪ. ನೀ ಎದ್ದು ಮೊಬೈಲ್ ನೋಡ್ತಿ" ಅಂದಳು. ಅವತ್ತು ರಾತ್ರಿ ಮೊಣಕಾಲೂರಿದೆ.

ಅಧ್ಯಾಯ ಇಲ್ಲಿಗೆ ಮುಗಿಯಲ್ಲ. ಬೆಳಿಗ್ಗೆ ಏಲಿಯ ಮನೆಯ ಮೇಲಿನ ತೀರ್ಪನ್ನು ಹುಡುಗನೇ ಹೇಳಬೇಕಾಯಿತು. ಹೇಳೋಕೆ ಹೆದರಿದ. ಆದರೂ ಎಂದಿನಂತೆ ಎದ್ದು ಆಲಯದ ಬಾಗಿಲು ತೆರೆದ. ಸೇವೆ ಬಿಡಲಿಲ್ಲ. ಏಲಿ ಕೇಳಿದಾಗ ಏನೂ ಮುಚ್ಚಿಡಲಿಲ್ಲ. ಏಲಿಯೂ ಸಿಟ್ಟಾಗಲಿಲ್ಲ, ಕರ್ತನ ಮಾತೆಂದು ಒಪ್ಪಿಕೊಂಡ.

ನನಗೂ ಅಂಥದ್ದೊಂದು ಮಾತು ಹೇಳೋದಿತ್ತು. ಹೊಲದ ಜಗಳದಲ್ಲಿ ಅವ್ವ ಮತ್ತು ಸೋದರಮಾವ ಮಾತು ಬಿಟ್ಟು ವರ್ಷಗಳಾಗಿದ್ದವು. "ಅವ್ವಾ, ಮಾವನ್ನ ಕ್ಷಮಿಸು" ಅಂದೆ. ದಿನವೆಲ್ಲಾ ಅವಳು ಮಾತಾಡಲಿಲ್ಲ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಮಾವನ ಮನೆಗೆ ನಡೆದಳು.

ಪ್ರಿಯ ಯೌವನಸ್ಥರೇ, ಹಿರಿಯರು ಹೇಳಿದ್ದೆಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. ಏಲಿಯೂ ತಪ್ಪಿದ. ಆದರೆ ಅವರ ಬಾಗಿಲು ತೆರೆಯದೆ ಅವರಿಗೆ ಸತ್ಯ ಹೇಳೋಕೆ ಹೋಗಬೇಡಿ. ಇವತ್ತು ಮನೆಗೆ ಫೋನ್ ಮಾಡಿ. ಮಾತ್ರೆ ತಗೊಂಡ್ರಾ ಅಂತ ಕೇಳಿ ಇಟ್ಟುಬಿಡಬೇಡಿ. "ನನಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಕೇಳಿ, ಎಷ್ಟು ಗಟ್ಟಿಯಾಗಿ ಮಾಡಿದರೂ ಸರಿ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಕಿವಿ ತೆರೆ. ನಮ್ಮ ಹಿರಿಯರನ್ನು ನಮಗೆ ಉಳಿಸಿಕೊಡು. ಯೇಸುವಿನ ನಾಮದಲ್ಲಿ, ಆಮೆನ್.