ಬೆಕ್ಕಿಗೆ ಹೆದರದ ಇಲಿ ಧೈರ್ಯಶಾಲಿಯೇ?

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆಯಲ್ಲಿ ಇಲಿಯ ಪಾತ್ರ ಎಂದೂ ಬದಲಾಗುವುದಿಲ್ಲ. ಅದು ಹೆದರುವ ಪ್ರಾಣಿ. ಹಿರಿಯೂರು, ಚಿತ್ರದುರ್ಗದ ಕಡೆ ಶೇಂಗಾ ಚೀಲ ಒಟ್ಟಿದ ಮನೆಗಳಲ್ಲಿ, ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ಬೆಕ್ಕಿಗೆ ಹಾಲು ಹಾಕುವುದು ಮುದ್ದಿಗಿಂತ ಹೆಚ್ಚಾಗಿ ಈ ಹೆದರಿಕೆಯನ್ನು ನಂಬಿ. ಈ ಭಯವನ್ನು ಇಲಿಗೆ ಯಾರೂ ಕಲಿಸಬೇಕಿಲ್ಲ. ತಲೆಮಾರುಗಳಿಂದ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ, ಬೆಕ್ಕನ್ನು ಒಮ್ಮೆಯೂ ಕಾಣದ ಇಲಿ ಕೂಡ ಬೆಕ್ಕಿನ ಮೂತ್ರದ ವಾಸನೆ ಇರುವ ಮೂಲೆಯಿಂದ ದೂರ ಉಳಿಯುತ್ತದೆ.

ಆದರೆ ಕೆಲವು ಇಲಿಗಳು ಆ ಮೂಲೆಗೇ ಹೋಗುತ್ತವೆ. ಅವುಗಳ ಮೈಯಲ್ಲಿ ಟಾಕ್ಸೊಪ್ಲಾಸ್ಮಾ ಗೋಂಡೈ ಎಂಬ ಏಕಕೋಶ ಪರೋಪಜೀವಿ ಸೇರಿಕೊಂಡಿರುತ್ತದೆ. 1908ರಲ್ಲಿ ಟ್ಯುನೀಶಿಯಾದಲ್ಲಿ ಗುಂಡಿ ಎಂಬ ಹೆಸರಿನ ಇಲಿಜಾತಿಯ ಪ್ರಾಣಿಯೊಂದರಲ್ಲಿ ಇದನ್ನು ಗುರುತಿಸಿದರು. ಹೆಸರಿನ ಎರಡನೆಯ ಭಾಗ ಬಂದದ್ದು ಅಲ್ಲಿಂದ. ಇದು ಕುರಿ, ಕೋಳಿ, ಮನುಷ್ಯ, ಯಾರ ದೇಹದಲ್ಲಾದರೂ ಇರಬಲ್ಲದು. ಆದರೆ ಇದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಇಲಿಯ ಮಿದುಳಿನಲ್ಲಿ ಕುಳಿತಿರುವ ಈ ಜೀವಿಗೆ ಬೆಕ್ಕಿನ ಹೊಟ್ಟೆ ಸೇರಬೇಕಿದೆ. ಅದಕ್ಕೆ ಇಲಿಯೇ ವಾಹನ.

2000ದಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಸೋಂಕಿತ ಇಲಿಗಳು ಬೆಕ್ಕಿನ ವಾಸನೆಗೆ ಅಂಜದಿರುವುದನ್ನು, ಕೆಲವು ಅದರತ್ತ ಸೆಳೆಯಲ್ಪಡುವುದನ್ನು ತೋರಿಸಿದರು. 2007ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅಜಯ್ ವ್ಯಾಸ್ ಮತ್ತು ಸಂಗಡಿಗರು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದರು. ಸೋಂಕಿತ ಇಲಿಗಳ ಮೂಗು ಸರಿಯಾಗಿತ್ತು. ಕಲಿತ ಭಯ ಹಾಗೇ ಇತ್ತು. ಬಯಲಿಗೆ ಬರಲು ಅವಕ್ಕೆ ಮೊದಲಿನಷ್ಟೇ ಅಳುಕಿತ್ತು. ಬೆಕ್ಕಿನ ಭಯವೊಂದು ಮಾತ್ರ ಸಡಿಲವಾಗಿತ್ತು. ಮುಂದೆ ಸಿಂಗಪುರದಲ್ಲಿ ವ್ಯಾಸ್ ಅವರ ತಂಡ ಇದರ ಹಿಂದೆ ಹಾರ್ಮೋನಿನ ಕೈವಾಡವನ್ನು ಕಂಡಿತು. ಸೋಂಕಿತ ಗಂಡು ಇಲಿಗಳಲ್ಲಿ ಟೆಸ್ಟೋಸ್ಟೆರೋನ್ ಉತ್ಪಾದನೆ ಹೆಚ್ಚುತ್ತದೆ. ಸೋಂಕಿಗೆ ಮೊದಲೇ ಬೀಜ ತೆಗೆದ ಇಲಿಗಳಲ್ಲಿ ಬೆಕ್ಕಿನ ಭಯ ಹೋಗುವುದಿಲ್ಲ. ಇನ್ನೊಂದು ಅಧ್ಯಯನದಲ್ಲಿ, ಸೋಂಕಿತ ಇಲಿ ಬೆಕ್ಕಿನ ವಾಸನೆ ಮೂಸಿದಾಗ ಹೆಣ್ಣಿನ ಸಾಮೀಪ್ಯಕ್ಕೆ ಮಿಡಿಯುವ ಮಿದುಳಿನ ಭಾಗವೂ ಚುರುಕಾಗಿತ್ತು. ಸಾವಿನ ವಾಸನೆ ಅದಕ್ಕೆ ಸಂಗಾತಿಯ ವಾಸನೆಯಂತೆ ಬಂದಿರಬೇಕು. ಎಲ್ಲರೂ ಇದನ್ನು ಒಪ್ಪಿಲ್ಲ. 2020ರಲ್ಲಿ ಜಿನೀವಾದ ತಂಡವೊಂದು, ಸೋಂಕಿತ ಸುಂಡಿಲಿಗಳಲ್ಲಿ ಬೆಕ್ಕಿನದಷ್ಟೇ ಅಲ್ಲ, ಒಟ್ಟಾರೆ ಭಯವೇ ಕಡಿಮೆಯಾಗುತ್ತದೆ ಎಂದು ವಾದಿಸಿತು. ದಾರಿ ಯಾವುದೇ ಇರಲಿ, ಇಲಿಯ ಅಂಜಿಕೆಯನ್ನು ಇನ್ನೊಂದು ಜೀವಿ ಒಳಗಿನಿಂದ ತಿದ್ದಬಲ್ಲದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ಬೆಕ್ಕಿನ ಎದುರು ನಿಂತ ಈ ಇಲಿಯನ್ನು ಧೈರ್ಯಶಾಲಿ ಅನ್ನೋಣವೇ?

ಅನ್ನಲು ಮನಸ್ಸು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಕೇಳಿಕೊಳ್ಳಬೇಕು. ದುರ್ಗದಲ್ಲಿ ಧೈರ್ಯದ ಮಾತು ಬಂದರೆ ಎಲ್ಲರ ಬಾಯಿಗೆ ಬರುವ ಹೆಸರು ಒಬವ್ವನದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆಂದು ಹೋದವಳು, ಬಂಡೆಯ ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳೆಂಬುದು ಕತೆ. ಆ ಕತೆ ನಮ್ಮನ್ನು ಹಿಡಿಯುವುದು ಅವಳಿಗೆ ಏನಾಗುತ್ತಿದೆಯೆಂದು ಪೂರ್ತಿ ಗೊತ್ತಿತ್ತು ಎಂಬ ಕಾರಣಕ್ಕೆ. ಅಪಾಯ ಅವಳ ಕಣ್ಣಿಗೆ ಕಾಣದೆ ಹೋಗಿದ್ದರೆ, ಅಥವಾ ಕಿಂಡಿಯ ಕತ್ತಲು ಅವಳಿಗೆ ಆಕರ್ಷಣೆಯಾಗಿದ್ದರೆ, ಅದೇ ಒನಕೆ, ಅದೇ ಏಟು, ಆದರೆ ನಾವು ಅವಳನ್ನು ನೆನೆಯುತ್ತಿರಲಿಲ್ಲ. ಕನ್ನಡಕ್ಕೆ ಈ ವ್ಯತ್ಯಾಸ ಮೊದಲೇ ಗೊತ್ತು. ಕಂಡು ನಿಲ್ಲುವುದು ಎದೆಗಾರಿಕೆ, ಕಾಣದೆ ನುಗ್ಗುವುದು ಹುಂಬತನ, ಕಂಡರೂ ಲೆಕ್ಕಿಸದೆ ಮೆರೆಯುವುದು ಭಂಡಧೈರ್ಯ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಒಬವ್ವನ ಮೈಯಲ್ಲೂ ಹಾರ್ಮೋನುಗಳೇ ಹರಿಯುತ್ತಿದ್ದವಲ್ಲ? ಅವಳ ಎದೆಬಡಿತ, ಬಿಗಿದ ತೋಳು, ಎಲ್ಲ ರಸಾಯನವೇ ತಾನೇ? ಹೌದು. ರಸಾಯನವಿದೆಯೋ ಇಲ್ಲವೋ ಎಂಬುದರಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ; ರಸಾಯನ ಎಲ್ಲರಲ್ಲೂ ಇದೆ. ಆ ನಿರ್ಭಯ ಯಾರ ಕೆಲಸ ಮಾಡುತ್ತಿದೆ ಎಂದು ಕೇಳಬೇಕು. ಒಬವ್ವನ ಮೈ ಅವಳು ಕಾಯಬೇಕೆಂದುಕೊಂಡದ್ದನ್ನೇ ಕಾಯುತ್ತಿತ್ತು. ಇಲಿಯ ಮೈ ಅದರೊಳಗೆ ಕೂತ ಇನ್ನೊಬ್ಬರ ಪ್ರಯಾಣಕ್ಕೆ ದುಡಿಯುತ್ತಿದೆ. ಇಲಿಗೆ ಅದು ಗೊತ್ತಾಗುವುದಿಲ್ಲ. ತನ್ನ ಬಯಕೆಯಂತೆಯೇ ನಡೆಯುತ್ತಿದ್ದೇನೆ ಅನ್ನಿಸುವ ಹಾಗೆ ಅದರ ಬಯಕೆಯನ್ನೇ ತಿದ್ದಲಾಗಿದೆ.

ಮನುಷ್ಯರ ನಿರ್ಭಯವನ್ನೂ ಈ ಪ್ರಶ್ನೆಯಿಂದ ಪರೀಕ್ಷಿಸಬಹುದು. ಅದಕ್ಕೆ ನಮ್ಮ ಮಿದುಳಿನಲ್ಲಿ ಪರೋಪಜೀವಿ ಇರಬೇಕಿಲ್ಲ. ಜಗತ್ತಿನ ಮೂರರಲ್ಲೊಂದು ಪಾಲು ಜನರಲ್ಲಿ ಟಾಕ್ಸೊಪ್ಲಾಸ್ಮಾ ಇದೆಯೆಂಬ ಅಂದಾಜಿದೆ. ಬಹುಪಾಲು ಜನರಿಗೆ ಅದರಿಂದ ತೊಂದರೆಯೇ ಕಾಣುವುದಿಲ್ಲ. ಬಸುರಿಯರು ಎಚ್ಚರವಾಗಿರಬೇಕು, ಕುರಿಗಳಲ್ಲಿ ಇದು ಕಂದು ಹಾಕಿಸುತ್ತದೆ. ಆದರೆ ನಮ್ಮ ಸ್ವಭಾವದ ಹೊಣೆಯನ್ನು ಬೆಕ್ಕಿನ ಮೇಲೆ ಹೊರಿಸುವಷ್ಟು ಪುರಾವೆ ಇಲ್ಲ. ಗುಂಪಿನಲ್ಲಿ ಕಲ್ಲು ಎತ್ತಿಕೊಂಡ ಹುಡುಗನನ್ನು ನೋಡಿ. ಆ ಹೊತ್ತಿಗೆ ಅವನಿಗೆ ಪೊಲೀಸರ ಭಯವಿಲ್ಲ, ಜೈಲಿನ ಭಯವಿಲ್ಲ. ಅವನ ಭಯ ಕಳೆದವರು ಮನೆಯಲ್ಲಿ ಸುರಕ್ಷಿತವಾಗಿದ್ದಾರೆ. ನಾಳೆ ಕೋರ್ಟಿಗೆ ಅಲೆಯುವವನು ಅವನು, ಅವನ ತಾಯಿ.

ಇಲ್ಲಿಯವರೆಗೆ ಭಯ ಕಳೆದುಕೊಂಡವರ ಮಾತಾಯಿತು. ಭಯ ಬೆಳೆದುಬಿಟ್ಟವರ ಮಾತು ಇನ್ನೂ ಕಷ್ಟದ್ದು. ಅದಕ್ಕೆ ಬೆಂಗಳೂರಿಗೇ ಬರಬೇಕು. ಪರೋಪಜೀವಿಯ ಬೆನ್ನು ಹತ್ತುವ ಮೊದಲು ಅಜಯ್ ವ್ಯಾಸ್ ಸಂಶೋಧನೆ ಮಾಡಿದ್ದು ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಸುಮಂತ್ರ ಚಟರ್ಜಿಯವರ ಜೊತೆ. 2002ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಡಲಾಯಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಭಯಕ್ಕೆ ಬೇಕಾದ ಅಮಿಗ್ಡಲಾದಲ್ಲಿ ಕವಲುಗಳು ಹಬ್ಬಿದವು. ಮುಂದಿನ ಒಂದು ಅಧ್ಯಯನದಲ್ಲಿ, ಹೀಗೆ ಕಟ್ಟಿಟ್ಟ ಇಲಿಗಳನ್ನು ಆಮೇಲೆ 21 ದಿನ ಅವುಗಳ ಪಾಡಿಗೆ ಬಿಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾದಲ್ಲಿ ಹಬ್ಬಿದ್ದು ಹಾಗೇ ಉಳಿಯಿತು, ಇಲಿಯ ಅಳುಕೂ ಉಳಿಯಿತು. 2005ರ ಇನ್ನೊಂದು ಪ್ರಯೋಗದಲ್ಲಿ ಒಂದೇ ಒಂದು ಸಲ, 2 ಗಂಟೆ ಮಾತ್ರ ಕಟ್ಟಿಟ್ಟರು. ಮರುದಿನ ನೋಡಿದರೆ ಏನೂ ಆಗಿರಲಿಲ್ಲ. 10 ದಿನಗಳ ನಂತರ ಅಳುಕು ಕಾಣಿಸಿಕೊಂಡಿತು.

ಇಲಿಯ ಮೇಲೆ ಕಂಡದ್ದೆಲ್ಲ ಮನುಷ್ಯರಿಗೆ ಹಾಗೆಹಾಗೇ ಅನ್ವಯಿಸುವುದಿಲ್ಲ. ಆದರೂ ನಾವು ಆಡುವ ಮಾತುಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. ಹೊಡೆಯುವ ಗಂಡನನ್ನು ಬಿಟ್ಟು ತವರಿಗೆ ಬಂದವಳು ಬಾಗಿಲು ಬಡಿದರೆ ಇನ್ನೂ ಬೆಚ್ಚುತ್ತಾಳೆ. “ಎಲ್ಲಾ ಮುಗೀತಲ್ಲೇ, ಇನ್ನೇನು ಹೆದರಿಕೆ ನಿಂಗೆ?” ಎಂದು ಮನೆಯವರೇ ಸಿಡುಕುತ್ತಾರೆ. ಮಳೆ ಹೋಗಿ, ಕೊಳವೆಬಾವಿ ಕೈಕೊಟ್ಟು, ಸಾಲಗಾರರ ಫೋನಿಗೆ ವರ್ಷಗಟ್ಟಲೆ ನಡುಗಿದವನು ಸಾಲ ತೀರಿದ ಮೇಲೂ ಫೋನ್ ರಿಂಗಾದರೆ ಬೆವರುತ್ತಾನೆ. “ಗಂಡಸಾಗಿ ಹಿಂಗಾ?” ಅನ್ನುತ್ತೇವೆ. ಕಟ್ಟು ಬಿಚ್ಚಿದ ದಿನವೇ ಭಯವೂ ಬಿಟ್ಟುಹೋಗಬೇಕು ಎಂಬುದು ನಮ್ಮ ಲೆಕ್ಕ. ಮೈಯ ಲೆಕ್ಕ ಅದಲ್ಲ.

ಹೆದರಿದವರನ್ನು ಹೇಡಿ ಅನ್ನುವಾಗ ನಾವು ಭಯವನ್ನು ಅವರ ಗುಣವೆಂದು ತೀರ್ಮಾನಿಸಿರುತ್ತೇವೆ. ಕಟ್ಟಿದವರು ಯಾರು, ಎಷ್ಟು ದಿನ ಕಟ್ಟಿದರು ಎಂದು ಕೇಳುವುದೇ ಇಲ್ಲ. ಹಾಗೆಂದು ಭಯಕ್ಕೆ ಕೈಮುಗಿದು ಕೂರಬೇಕೆಂದೂ ಅಲ್ಲ. ಬೆಚ್ಚುತ್ತಲೇ ಎದ್ದು ಬಾಗಿಲು ತೆಗೆಯುವ ಆ ಹೆಂಗಸು, ಬೆವರುತ್ತಲೇ ಫೋನ್ ಎತ್ತುವ ಆ ರೈತ ಮಾಡುತ್ತಿರುವುದು ಒಬವ್ವನ ಜಾತಿಗೆ ಸೇರಿದ ಕೆಲಸವೇ. ಅವರಿಗೆ ಸ್ಮಾರಕವಿಲ್ಲ, ಅಷ್ಟೆ. ಅಂಥವರಿಗೆ “ಹೆದರಬೇಡ” ಎಂದು ಹೇಳಿ ಏನೂ ಉಪಯೋಗವಿಲ್ಲ. “ನೀನು ಕೂತಿರು, ಈ ಸಲ ಬಾಗಿಲು ನಾನು ತೆಗೀತೀನಿ” ಅನ್ನಬಹುದು. ಇಪ್ಪತ್ತೊಂದು ದಿನ ಕಳೆದ ಮೇಲೂ ಅನ್ನುತ್ತಲೇ ಇರಬೇಕಾಗಬಹುದು.