ನಿಂತ ವಿಮಾನದ ಸೆಕೆ

ಸೆಕೆಯನ್ನು ತಾಳಿಕೊಳ್ಳುವುದು ನಮ್ಮವರಿಗೆ ಹೊಸದೇನೂ ಅಲ್ಲ. ರಾಯಚೂರಿನ ಬೇಸಗೆಯನ್ನೂ ಮಂಗಳೂರಿನ ಬೆವರನ್ನೂ ಕಂಡವರು ನಾವು. ಆದರೆ ಅಲ್ಲೆಲ್ಲ ಒಂದು ಅನುಕೂಲವುಂಟು. ಎದ್ದು ಹೋಗಿ ಮರದ ನೆರಳಲ್ಲಿ ನಿಲ್ಲಬಹುದು, ಎರಡು ತಂಬಿಗೆ ನೀರನ್ನು ತಲೆಗೆ ಸುರಿದುಕೊಳ್ಳಬಹುದು. ನೆಲದ ಮೇಲೆ ನಿಂತ ವಿಮಾನದೊಳಗಿನ ಸೆಕೆ ಬೇರೆಯ ಜಾತಿಯದು. ಅಲ್ಲಿ ಕಿಟಕಿ ತೆರೆಯುವುದಿಲ್ಲ, ಬಾಗಿಲು ನಮ್ಮ ಕೈಯಲ್ಲಿಲ್ಲ. ಹವೆಯ ಮಾತು ಅಷ್ಟರಲ್ಲೇ ಅಧಿಕಾರದ ಮಾತಾಗಿಬಿಡುತ್ತದೆ.

ಇದರ ಯಂತ್ರಶಾಸ್ತ್ರ ಸರಳವಾದದ್ದೆ. ಹಾರುವಾಗ ಸಾಮಾನ್ಯವಾಗಿ ಎಂಜಿನಿನಿಂದ ಸೆಳೆದ ಗಾಳಿಯನ್ನೇ ತಣಿಸಿ ಒಳಗೆ ಬಿಡುತ್ತಾರೆ. ಎಂಜಿನ್ ನಿಂತಾಗ ಆ ಕೆಲಸ ಬಾಲದಲ್ಲಿರುವ ಸಣ್ಣ ಟರ್ಬೈನಿನದು; ಇಲ್ಲವೆ ನಿಲ್ದಾಣದವರು ದಪ್ಪ ಕೊಳವೆಯಿಂದ ತಂಪುಗಾಳಿಯನ್ನು ಕೊಡಬೇಕು. ಟರ್ಬೈನ್ ಇಂಧನ ಕುಡಿಯುತ್ತದೆ, ಒಮ್ಮೊಮ್ಮೆ ಕೆಡುತ್ತದೆ. ಸುಮ್ಮನೆ ಕುಳಿತ ಮನುಷ್ಯನೊಬ್ಬ ಸುಮಾರು 100 ವ್ಯಾಟ್ ಶಾಖವನ್ನು ಹೊರಬಿಡುತ್ತಾನೆ. 180 ಮಂದಿ ಎಂದರೆ 18,000 ವ್ಯಾಟ್. ಒಂದು ಕೊಳವೆಯೊಳಗೆ ಹದಿನೆಂಟು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿಟ್ಟಂತೆ. ನಮ್ಮ ಸಹಪ್ರಯಾಣಿಕರೇ ನಮ್ಮ ಒಲೆ!

ಕೆಲವು ವರ್ಷಗಳ ಕೆಳಗೆ, ಜೂನ್ ತಿಂಗಳ ಮಧ್ಯಾಹ್ನ, ದೆಹಲಿಯಲ್ಲಿ ಇಂಥದೊಂದು ವಿಮಾನದಲ್ಲಿ ಮುಕ್ಕಾಲು ಗಂಟೆ ಕುಳಿತಿದ್ದೆ. ಅಪಾಯ ಬಂದಾಗ ನೋಡಿಕೊಳ್ಳಬೇಕಾದ ಸೂಚನಾಪತ್ರಗಳು ಬೀಸಣಿಗೆಗಳಾಗಿದ್ದವು. ಕಿಟಕಿಯ ಪರದೆಗಳನ್ನು ಎಳೆಯಿರೆಂದು ಗಗನಸಖಿ ಕೇಳಿಕೊಂಡಳು. ಅದು ಒಳ್ಳೆಯ ಸಲಹೆ, ಬಿಸಿಲಿನ ಒಂದು ಪಾಲಾದರೂ ಹೊರಗುಳಿಯುತ್ತದೆ. ಮಹಾಶಯರೊಬ್ಬರು ಆಕೆಯ ಮೇಲೆಯೇ ಗದರಿದರು. ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ನಿಂತೇ ಇದ್ದ ಆಕೆಗೆ ನಮಗಿಂತ ಹೆಚ್ಚು ಸೆಕೆ, ನಮಗಿಂತ ಹೆಚ್ಚೇನೂ ಇಲ್ಲದ ಅಧಿಕಾರ. ಬೈಗುಳ ಯಾವಾಗಲೂ ಕೈಗೆ ಸಿಕ್ಕವರ ಮೇಲೆ ಬೀಳುತ್ತದೆ. ನಿರ್ಧಾರ ಮಾಡುವವರು ತಂಪಾದ ಕೋಣೆಯಲ್ಲಿರುತ್ತಾರೆ.

ಇನ್ನೊಬ್ಬರು, ಸೌಮ್ಯರು, "ಸ್ವಲ್ಪ ತಾಳ್ಮೆ ಇರಲಿ" ಎಂದರು. ನನ್ನನ್ನು ಬಹಳ ದಿನ ಕಾಡಿದ್ದು ಈ ಮಾತೇ. ತಾಳ್ಮೆ ಗುಣ, ಒಪ್ಪಿದೆ. ಆದರೆ ನನ್ನ ಎಡಗಡೆ ಕುಳಿತಿದ್ದ ಮುದುಕಿಯ ತುಟಿ ಒಣಗಿತ್ತು, ಹಿಂದಿನ ಸಾಲಿನ ಕೂಸು ಅತ್ತು ಅತ್ತು ಸುಮ್ಮನಾಗಿತ್ತು. ನನ್ನ ಸೆಕೆಯನ್ನು ತಾಳುವ ಹಕ್ಕು ನನಗುಂಟು. ಆ ಕೂಸಿನ ಸೆಕೆಯನ್ನು ನಾನು ತಾಳುವುದೆಂದರೇನು? ಅದಕ್ಕೆ ತಾಳ್ಮೆಯೆಂಬ ಹೆಸರು ಸಲ್ಲದು. ನಾನು ಕರೆಗುಂಡಿ ಒತ್ತಿ ಅವರಿಬ್ಬರಿಗೆ ನೀರು ಕೇಳಿದೆ. ನೀರು ಬಂತು. ಹೆಚ್ಚಿನದೇನನ್ನೂ ಮಾಡಲಾಗಲಿಲ್ಲ.

ಇದನ್ನು ಸಣ್ಣ ಸಂಗತಿ ಎನ್ನುವವರು 2024ರ ಮೇ 30ನ್ನು ನೆನೆಯಬೇಕು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡಬೇಕಿದ್ದ ವಿಮಾನದೊಳಗೆ ತಂಪಿಲ್ಲದೆ ಕುಳಿತ ಕೆಲವರು ಪ್ರಜ್ಞೆ ತಪ್ಪಿದರೆಂದು ಪತ್ರಿಕೆಗಳು ಬರೆದವು. ವಿಮಾನ ಹೊರಟದ್ದು ಮರುದಿನ. ಸರ್ಕಾರ ಸಂಸ್ಥೆಯಿಂದ ವಿವರಣೆ ಕೇಳಿತು.

ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಬಂದಿದೆ. 2007ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ, ಹಿಮ ಸುರಿದ ದಿನ, ಜನ ವಿಮಾನಗಳೊಳಗೆ ಗಂಟೆಗಟ್ಟಲೆ ಸಿಕ್ಕಿಬಿದ್ದಿದ್ದರು. ಇಂಥ ಕೂಗುಗಳ ಫಲವಾಗಿ 2010ರಲ್ಲಿ ನಿಯಮ ಜಾರಿಯಾಯಿತು: ದೇಶದೊಳಗಿನ ವಿಮಾನದಲ್ಲಿ ಮೂರು ಗಂಟೆಯೊಳಗೆ ಜನರಿಗೆ ಇಳಿಯುವ ಅವಕಾಶ ಕೊಡಬೇಕು, ಎರಡು ಗಂಟೆಯೊಳಗೆ ನೀರು, ತಿನಿಸು ಕೊಡಬೇಕು. ಹೊರದೇಶದ ಪ್ರಯಾಣಕ್ಕೆ ಮಿತಿ ನಾಲ್ಕು ಗಂಟೆ. ಸುರಕ್ಷತೆಯ ಕಾರಣವಿದ್ದರೆ ವಿನಾಯಿತಿಯುಂಟು. ನಮ್ಮ ಆತ್ಮಸಾಕ್ಷಿ ತಡವರಿಸುವಲ್ಲಿ ಒಂದು ಅಂಕಿ ನಿಲ್ಲುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೂ ತೊಡಕು ಪೂರ್ತಿ ಬಿಡಿಸಲಿಲ್ಲ. ಒಬ್ಬರನ್ನು ಇಳಿಸಲು ವಿಮಾನ ಹಿಂದಕ್ಕೆ ತಿರುಗಿದರೆ ಸರದಿ ತಪ್ಪಬಹುದು; ಉಳಿದ 179 ಮಂದಿಯಲ್ಲಿ ಮಗಳ ಮದುವೆಗೆ, ತಂದೆಯ ಅಂತ್ಯಕ್ರಿಯೆಗೆ ಹೊರಟವರಿರಬಹುದು. ನಾನು ಆ ಮುದುಕಿಯ ಪಕ್ಷವೇ. ಮದುವೆಯ ಮನೆಯವರು ಏನನ್ನುತ್ತಾರೋ ತಿಳಿಯದು.

ಒಳಗೆ ಹಿತವಾದ ಉಷ್ಣತೆ ಇರಬೇಕೆಂದೂ ಅಮೆರಿಕದವರು ಹೇಳುತ್ತಾರೆ. ಹಿತ ಯಾರಿಗೆ, ಕೋಟು ತೊಟ್ಟವರಿಗೋ, ಮಡಿಲ ಕೂಸಿಗೋ?